ವಿಷದ ಕಾಲಾಳು

ನಮಸ್ಕಾರ. ಚದುರಂಗದ ಮಣೆ ಇದ್ದರೆ ಎದುರಿಗೆ ಇಟ್ಟುಕೊಳ್ಳಿ. ಇಲ್ಲದಿದ್ದರೂ ಪರವಾಗಿಲ್ಲ, ಮೊದಲು ಒಂದೇ ಮನೆ ನೆನಪಿಡಿ: ಬಿ2, ಬಿಳಿಯ ಕಡೆ ಕೂತು ನೋಡಿದರೆ ಎಡದಿಂದ ಎರಡನೇ ಸಾಲಿನಲ್ಲಿ ಕೆಳಗಿನಿಂದ ಎರಡನೇ ಮನೆ. ಅಲ್ಲಿ ಬಿಳಿಯ ಒಂದು ಕಾಲಾಳು ನಿಂತಿದೆ.

ಸಿಸಿಲಿಯನ್ ಆರಂಭದಲ್ಲಿ ನಜ್ಡಾರ್ಫ್ ಅನ್ನೋ ದಾರಿ ಇದೆ. ಅದರಲ್ಲೊಂದು ಕವಲಿನಲ್ಲಿ, ಎಂಟನೇ ನಡೆಗೇ ಕಪ್ಪು ರಾಣಿ ಒಬ್ಬಳೇ ನುಗ್ಗಿ ಆ ಕಾಲಾಳನ್ನು ತಿನ್ನುತ್ತಾಳೆ. ಬಿಟ್ಟಿ ಸಿಕ್ಕಿತು ಅಲ್ವಾ? ಆದರೆ ಆಟಗಾರರು ಇದಕ್ಕೆ ಇಟ್ಟ ಹೆಸರು 'ವಿಷದ ಕಾಲಾಳು'. ರಾಣಿ ವಾಪಸ್ ಬರುವಷ್ಟರಲ್ಲಿ ಬಿಳಿ ಪಡೆ ಸಜ್ಜಾಗಿ ನಿಂತಿರುತ್ತದೆ. ಬಂದರೆ ತಾನೆ!

1972, ಐಸ್‌ಲ್ಯಾಂಡಿನ ರೇಕ್ಯಾವಿಕ್. ವಿಶ್ವ ಚಾಂಪಿಯನ್ ಪಟ್ಟಕ್ಕೆ ಅಮೆರಿಕದ ಬಾಬಿ ಫಿಷರ್ ಮತ್ತು ಸೋವಿಯತ್ ಒಕ್ಕೂಟದ ಬೋರಿಸ್ ಸ್ಪಾಸ್ಕಿ ಆಡುತ್ತಿದ್ದಾರೆ. ಏಳನೇ ಆಟದಲ್ಲಿ ಕಪ್ಪು ಕಾಯಿ ಹಿಡಿದ ಫಿಷರ್ ಈ ಕಾಲಾಳನ್ನು ತಿಂದು ಅರಗಿಸಿಕೊಂಡರು, ಡ್ರಾ ಆಯಿತು. ಹನ್ನೊಂದನೆಯದರಲ್ಲಿ ಮತ್ತೆ ತಿಂದರು. ಆಗ ಸ್ಪಾಸ್ಕಿ 14ನೇ ನಡೆಗೆ ತಮ್ಮ ಕುದುರೆಯನ್ನು ಹಿಂದಕ್ಕೆ, ಬಿ1ಕ್ಕೆ ಇಟ್ಟರು. ಆಟ ಶುರುವಾದಾಗ ಅದು ನಿಂತಿದ್ದ ಮನೆಗೇ! ಹುಚ್ಚು ನಡೆ ಅನ್ನಿಸುತ್ತೆ. ಆದರೆ ಅಲ್ಲಿಂದ ಅದು ಎ3ರಲ್ಲಿದ್ದ ರಾಣಿಯ ಮೇಲೆ ಕಣ್ಣಿಟ್ಟಿತು, ತನ್ನ ಹಿಂದೆ ಸಿಕ್ಕಿಕೊಂಡಿದ್ದ ಸಿ ಸಾಲಿನ ಕಾಲಾಳಿಗೂ ದಾರಿ ಬಿಟ್ಟಿತು. ಹತ್ತು ನಡೆ ಕಳೆಯುವುದರಲ್ಲಿ ರಾಣಿಗೆ ಹೋಗಲು ಮನೆಯೇ ಇಲ್ಲ. ಕೊನೆಗೆ ಅವಳನ್ನು ತಿಂದದ್ದು ಯಾರು? ಎ2ರ ಕಾಲಾಳು. ಸತ್ತವನ ಪಕ್ಕದ ಮನೆಯವನು! 31ನೇ ನಡೆಗೆ ಆಟ ಮುಗಿಯಿತು. ಪಟ್ಟ ಗೆದ್ದದ್ದು ಫಿಷರ್ರೇ, ಅದು ಬೇರೆ ಮಾತು.

ಈ ಕುದುರೆ ನಡೆಯನ್ನು ಪುಸ್ತಕಗಳು ಕೊಂಡಾಡಿವೆ. ಕಂಪ್ಯೂಟರ್‌ಗೆ ಹಾಕಿ ನೋಡಿ, ಅದು ತಣ್ಣಗಿರುತ್ತದೆ. ಕುದುರೆಯಿಂದಲೇ ಕಪ್ಪು ಸೋತಿಲ್ಲ, 15ನೇ ನಡೆಗೆ ಕಾಲಾಳನ್ನು ಡಿ5ಕ್ಕೆ ತಳ್ಳಿದ್ದು ತಪ್ಪು ಅನ್ನುತ್ತದೆ. ಬಿಳಿ ಹತ್ತನೇ ನಡೆಗೆ ಕಾಲಾಳನ್ನು ಇ5ಕ್ಕೆ ನುಗ್ಗಿಸುವ ಭಯಂಕರ ದಾರಿಯೂ ಅಷ್ಟೇ. ಬಲಿ ಮೇಲೆ ಬಲಿ ಕೊಟ್ಟರೂ ಎಷ್ಟೋ ಕಡೆ ಕೊನೆಗೆ ಮೇಲಿಂದ ಮೇಲೆ ಚೆಕ್, ಡ್ರಾ. ಪರದೆಯ ಮೇಲೆ ಸೊನ್ನೆ, ಅಂದರೆ ಇಬ್ಬರೂ ಸಮಸಮ.

ಆ ಸೊನ್ನೆಯನ್ನು ನಂಬಿ ನಾನೊಮ್ಮೆ ಒಂದು ಪಂದ್ಯದಲ್ಲಿ ಬಿ2 ತಿಂದೆ. ಹದಿನೆಂಟು ನಡೆ ಬಾಯಿಪಾಠ ಇತ್ತು. ಎದುರಿಗಿದ್ದ ಹುಡುಗ ಹನ್ನೆರಡನೆಯದಕ್ಕೇ ಬೇರೇನೋ ಆಡಿದ. ಕಂಪ್ಯೂಟರ್ ಸಾಧಾರಣ ಅನ್ನುವ ನಡೆ, ಅದಕ್ಕೇ ನಾನು ನೋಡಿರಲಿಲ್ಲ. ಅರ್ಧ ಗಂಟೆ ಯೋಚಿಸಿದೆ, ರಾಣಿ ಹೋಯಿತು. ಸೊನ್ನೆ ಅಂದರೆ ಎಲ್ಲ ನಡೆಯೂ ಸರಿ ಅಂತಲ್ಲ. ಒಂದೇ ಒಂದು ದಾರಿ ಉಳಿದಿದ್ದರೂ ಅದು ಸೊನ್ನೆಯೇ.

ಈಗ ಮೊದಲು ಪುಸ್ತಕ ತೆರೆಯುತ್ತೇನೆ. ಮಣೆಯ ಮೇಲೆ ಕೈಯಾರೆ ಕಾಯಿ ಸರಿಸುತ್ತೇನೆ. ನನಗೆ ತೋಚಿದ ನಡೆಯನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟು, ಆಮೇಲೆ ಸ್ಟಾಕ್‌ಫಿಶ್ ಅನ್ನೋ ಚದುರಂಗದ ಕಂಪ್ಯೂಟರ್ ಪ್ರೋಗ್ರಾಂ ಹಾಕುತ್ತೇನೆ. ದುಡ್ಡು ಕೊಡಬೇಕಾಗಿಲ್ಲ, ಸುಮ್ನೆ ಸಿಗುತ್ತೆ. 'ಒಳ್ಳೆಯ ನಡೆ ಯಾವುದು' ಅಂತ ಕೇಳುವುದು ಕಮ್ಮಿ. ನನ್ನ ತಪ್ಪು ನಡೆಯನ್ನೇ ಆಡಿ, 'ಎಲ್ಲಿ ಹೊಡೀತೀಯ, ತೋರಿಸು' ಅನ್ನುತ್ತೇನೆ. ಆ ಹುಡುಗನ ಹನ್ನೆರಡನೇ ನಡೆಯೊಂದೇ ನನ್ನ ನೋಟ್‌ಬುಕ್ಕಿನಲ್ಲಿ ಮೂರು ಪುಟ ತಿಂದಿದೆ.