ಪಟ್ಟಿಯಲ್ಲಿ ಮೂರನೆಯವರು: ಸೆನೆಟರ್ ನೆವಿಲ್ ಬಾನರ್

ಕೇಳುಗರೆಲ್ಲರಿಗೂ ನಮಸ್ಕಾರ.

1971ರ ಮಾತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಸೆನೆಟ್‌ನ ಒಂದು ಸೀಟು ಖಾಲಿಯಾಯಿತು. ಲಿಬರಲ್ ಪಕ್ಷದ ಹಿರಿಯ ಸದಸ್ಯೆ ಅನಾಬೆಲ್ ರ‍್ಯಾಂಕಿನ್ ರಾಜೀನಾಮೆ ಕೊಟ್ಟು, ರಾಯಭಾರಿಯಾಗಿ ನ್ಯೂಜಿಲೆಂಡ್‌ಗೆ ಹೊರಟಿದ್ದರು. ಸೆನೆಟ್ ಅಂದರೆ ನಮ್ಮ ರಾಜ್ಯಸಭೆಯ ಹಾಗೆ ಮೇಲ್ಮನೆ. ಆದರೆ ಅಲ್ಲಿ ಸೆನೆಟ್‌ಗೂ ಜನರೇ ನೇರವಾಗಿ ಮತ ಹಾಕುತ್ತಾರೆ. ಅವಧಿಯ ನಡುವೆ ಯಾರಾದರೂ ಬಿಟ್ಟುಹೋದರೆ ಮಾತ್ರ ಆ ರಾಜ್ಯವೇ ಒಬ್ಬರನ್ನು ನೇಮಿಸಿ ಕಳಿಸುತ್ತದೆ.

ಹಾಗೆ ನೇಮಕವಾದವರು ಇಪ್ಸ್‌ವಿಚ್ ಊರಿನ ಆಸುಪಾಸಿನಲ್ಲಿ ಸೇತುವೆಗಳಿಗೆ ಮರಗೆಲಸ ಮಾಡಿಕೊಂಡಿದ್ದ ಒಬ್ಬ ಬಡಗಿ. ವಯಸ್ಸು 49. ಶಾಲೆಗೆ ಹೋದದ್ದು ಸುಮಾರು ಒಂದೇ ವರ್ಷ. ಹೆಸರು ನೆವಿಲ್ ಬಾನರ್. ಮೂಲನಿವಾಸಿ ಅಂತ ಹೇಳಿಕೊಂಡೇ ಆಸ್ಟ್ರೇಲಿಯಾದ ಸಂಸತ್ತಿನಲ್ಲಿ ಕೂತ ಮೊದಲ ವ್ಯಕ್ತಿ. ಆ ಸಂಸತ್ತು ಶುರುವಾದದ್ದು 1901ರಲ್ಲಿ. 70 ವರ್ಷ ಬೇಕಾಯಿತು ನೋಡಿ!

ಬಾನರ್ ಹುಟ್ಟಿದ್ದು 1922ರ ಮಾರ್ಚ್ 28ರಂದು. ನ್ಯೂ ಸೌತ್ ವೇಲ್ಸ್‌ನ ಟ್ವೀಡ್ ನದಿ ಸಮುದ್ರ ಸೇರುವಲ್ಲಿ ಯುಕೆರೆಬಾ ಅನ್ನುವ ಸಣ್ಣ ದ್ವೀಪವಿದೆ. ಅಲ್ಲಿ ಒಂದು ತಾಳೆಮರದ ಕೆಳಗೆ, ಸರ್ಕಾರ ಹಂಚಿದ ಕಂಬಳಿಯ ಮೇಲೆ ತಾವು ಹುಟ್ಟಿದ್ದು ಅಂತ ಅವರೇ ಹೇಳುತ್ತಿದ್ದರು. ಯಾಕೆ ಹಾಗೆ? ಆ ಕಾಲದಲ್ಲಿ ಹೊತ್ತು ಮುಳುಗುವುದರೊಳಗೆ ಮೂಲನಿವಾಸಿಗಳು ಪೇಟೆ ಬಿಟ್ಟು ಹೊರಗೆ ಹೋಗಬೇಕಿತ್ತು. ಹೆರಿಗೆ ನೋವು ಬಂತು ಅಂತ ಆಸ್ಪತ್ರೆಗೆ ಓಡುವ ಮಾತೇ ಇರಲಿಲ್ಲ. ತಂದೆ ಇಂಗ್ಲೆಂಡಿನವರು, ಮಗು ಹುಟ್ಟುವ ಮೊದಲೇ ಬಿಟ್ಟುಹೋಗಿದ್ದರು. ತಾಯಿ ಜೂಲಿಯಾ ಮಗ ಇನ್ನೂ ಚಿಕ್ಕವನಿರುವಾಗಲೇ ತೀರಿಕೊಂಡರು. ಸಾಕಿದ್ದು ತಾತ ರೋಜರ್ ಮತ್ತು ಅಜ್ಜಿ ಐಡಾ.

ಈ ಅಜ್ಜಿ ಗಟ್ಟಿಗಿತ್ತಿ. ಓದು ಬರಹ ಕಲಿತುಕೋ, ಚೆನ್ನಾಗಿ ಮಾತಾಡುವುದು ಕಲಿತುಕೋ, ಜನರ ಜೊತೆ ಮರ್ಯಾದೆಯಿಂದ ನಡೆದುಕೋ, ಬಹಳ ದೂರ ಹೋಗ್ತೀಯ ಅಂತ ಮೊಮ್ಮಗನಿಗೆ ಹೇಳಿದ್ದರಂತೆ. ಹೇಳುವುದು ಸುಲಭ, ಸೇರಿಸಿಕೊಳ್ಳುವ ಶಾಲೆ ಬೇಕಲ್ಲ? ಕೊನೆಗೆ ಕ್ವೀನ್ಸ್‌ಲ್ಯಾಂಡ್‌ನ ಬೋಡೆಸರ್ಟ್ ಊರಿನಲ್ಲಿ ಒಂದು ಶಾಲೆ ಸಿಕ್ಕಿತು. ಮೂರನೇ ತರಗತಿ. ಹುಡುಗನಿಗೆ ಆಗಲೇ ಹದಿಮೂರೋ ಹದಿನಾಲ್ಕೋ ವರ್ಷ. ತನ್ನ ಎದೆಮಟ್ಟದ ಮಕ್ಕಳ ನಡುವೆ ಕೂತು ಅಕ್ಷರ ಕಲಿತದ್ದಷ್ಟೇ ಅವರ ವಿದ್ಯಾಭ್ಯಾಸ. ಆಮೇಲೆ ಕೂಲಿ. ಕಬ್ಬು ಕಡಿದರು, ದನ ಮೇಯಿಸಿದರು, ಕಾಡಿನಲ್ಲಿ ಮರಗಳ ತೊಗಟೆ ಸುತ್ತ ಕೆತ್ತಿ ಒಣಗಿಸುವ ಕೆಲಸ ಮಾಡಿದರು.

1940ರ ದಶಕದ ನಡುವಿನಲ್ಲಿ ಹೆಂಡತಿ ಮೋನಾ ಜೊತೆ ಪಾಮ್ ದ್ವೀಪಕ್ಕೆ ಹೋದರು. ಈ ದ್ವೀಪದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಟೌನ್ಸ್‌ವಿಲ್ ಪಟ್ಟಣದ ಆಚೆ, ಸಮುದ್ರದಲ್ಲಿದೆ. ನೋಡಲು ಚಂದ. ಆದರೆ ಅದನ್ನು ಸರ್ಕಾರ ಬಳಸುತ್ತಿದ್ದದ್ದು ಬಯಲು ಜೈಲಿನ ಹಾಗೆ. ರಾಜ್ಯದ ಬೇರೆ ಬೇರೆ ಕಡೆ ಎದುರು ಮಾತಾಡಿದವರನ್ನು, ತಂಟೆಕೋರರು ಅಂತ ಅಧಿಕಾರಿಗಳು ಗುರುತು ಹಾಕಿದವರನ್ನು ಎತ್ತಿ ತಂದು ಅಲ್ಲಿ ಬಿಡುತ್ತಿದ್ದರು. 1897ರಲ್ಲಿ ಮಾಡಿದ ಕಾಯ್ದೆಯೊಂದರ ಬಲ ಅದಕ್ಕಿತ್ತು. ಹೆಸರಿಗೆ ರಕ್ಷಣೆಯ ಕಾಯ್ದೆ. ದ್ವೀಪ ಬಿಟ್ಟು ಹೊರಡಲು ಅಪ್ಪಣೆ ಬೇಕು. ಗಂಟೆ ಹೊಡೆದರೆ ಕೆಲಸಕ್ಕೆ ಹೋಗಬೇಕು. ಇಂಥ ಕಡೆ ಬಾನರ್ 1960ರವರೆಗೆ ಇದ್ದರು. ದಂಗೆ ಎಬ್ಬಿಸಲಿಲ್ಲ. ಕೆಲಸ ಮಾಡುತ್ತಾ ಮಾಡುತ್ತಾ ಸಹಾಯಕ ಮೇಲ್ವಿಚಾರಕರಾದರು. ಅಧಿಕಾರಿ ಜೊತೆ ಹೇಗೆ ಮಾತಾಡಿದರೆ ಕೆಲಸ ಆಗುತ್ತೆ ಅನ್ನುವುದನ್ನು ಅವರು ಇಲ್ಲಿಯೇ ಕಲಿತರು ಅಂತ ನನಗೆ ಅನಿಸುತ್ತದೆ. ಮುಂದೆ ಅವರನ್ನು ಮೆಚ್ಚಿದವರೂ ಬೈದವರೂ ಎತ್ತಿ ತೋರಿಸಿದ್ದು ಇದೇ ಗುಣವನ್ನು.

ಆಮೇಲೆ ಇಪ್ಸ್‌ವಿಚ್‌ಗೆ ಬಂದರು. ಬೂಮರಾಂಗ್ ಮಾಡಿ ಮಾರುವ ಸಣ್ಣ ಅಂಗಡಿ ಹಾಕಿದರು. ಅದಕ್ಕೆ ಇಟ್ಟ ಹೆಸರು ಬಾನರಾಂಗ್! ಹೆಸರು ಚೆನ್ನಾಗಿತ್ತು, ವ್ಯಾಪಾರ ಬಹಳ ದಿನ ನಡೆಯಲಿಲ್ಲ. ಜೊತೆಗೆ ಮೂಲನಿವಾಸಿಗಳ ಏಳಿಗೆಗೆ ಕೆಲಸ ಮಾಡುತ್ತಿದ್ದ ಒಂದು ಸಂಘ ಸೇರಿ ಅದರ ಅಧ್ಯಕ್ಷರೂ ಆದರು.

1967ರ ಮೇ 27ರಂದು ಆಸ್ಟ್ರೇಲಿಯಾದಲ್ಲಿ ದೊಡ್ಡ ಜನಮತಗಣನೆ ನಡೆಯಿತು. ಮೂಲನಿವಾಸಿಗಳನ್ನು ದೇಶದ ತಲೆ ಎಣಿಕೆಗೆ ಸೇರಿಸಬೇಕೇ, ಅವರಿಗಾಗಿ ಕಾನೂನು ಮಾಡುವ ಅಧಿಕಾರ ಕೇಂದ್ರಕ್ಕೂ ಇರಬೇಕೇ ಅನ್ನುವುದು ಪ್ರಶ್ನೆ. ನೂರಕ್ಕೆ 90ಕ್ಕಿಂತ ಜಾಸ್ತಿ ಜನ ಹೌದು ಅಂದರು. ಅದಾದ ಮೇಲೆ ಬಾನರ್ ರಾಜಕೀಯಕ್ಕೆ ಬಂದರು. ಬಂದದ್ದು ಲಿಬರಲ್ ಪಕ್ಷಕ್ಕೆ. ಹೆಸರು ಕೇಳಿ ಮೋಸ ಹೋಗಬೇಡಿ, ಆಸ್ಟ್ರೇಲಿಯಾದ ಲಿಬರಲ್ ಪಕ್ಷ ಅಂದರೆ ಹಳೆಯ ಕ್ರಮವನ್ನು ನೆಚ್ಚುವವರ ಪಕ್ಷ. ಕೂಲಿಕಾರರ ಪಕ್ಷ ಅನ್ನಿಸಿಕೊಂಡಿದ್ದು ಲೇಬರ್. ಕೂಲಿ ಮಾಡಿದವರು ಅಲ್ಲಿಗೇ ಹೋಗಬೇಕಿತ್ತು, ಅಲ್ವಾ? ಬಾನರ್ ಒಂದು ಕಥೆ ಹೇಳುತ್ತಿದ್ದರು. ಮತದಾನದ ದಿನ ಗೆಳೆಯನಿಗೋಸ್ಕರ ಲಿಬರಲ್ ಪಕ್ಷದ ಚೀಟಿ ಹಂಚುತ್ತಾ ನಿಂತಿದ್ದರಂತೆ. ಒಬ್ಬ ಲೇಬರ್ ನಾಯಕರು ಬಂದು, ನಿಮ್ಮವರಿಗೆ ಇಷ್ಟೆಲ್ಲ ಮಾಡುತ್ತಿರುವುದು ನಾವು, ನೀನು ಇವರ ಚೀಟಿ ಹಂಚುತ್ತೀಯಲ್ಲ ಅಂತ ಗದರಿದರಂತೆ. ನನ್ನ ವೋಟು ಇವರ ಅಪ್ಪನ ಮನೆ ಆಸ್ತಿಯೇ ಅಂತ ಬಾನರ್‌ಗೆ ಉರಿದುಹೋಯಿತು. ಹೋಗಿ ಲಿಬರಲ್ ಸದಸ್ಯತ್ವ ತೆಗೆದುಕೊಂಡರು.

1971ರ ಆಗಸ್ಟ್‌ನಲ್ಲಿ ಸೆನೆಟರ್ ಆಗಿ ಪ್ರಮಾಣವಚನ. ಮರು ತಿಂಗಳು ಮೊದಲ ಭಾಷಣ. ಇನ್ನು ಐದಾರು ತಿಂಗಳಲ್ಲೇ, 1972ರ ಜನವರಿ 26ರಂದು, ಸಂಸತ್ ಭವನದ ಎದುರಿನ ಹುಲ್ಲುಹಾಸಿನಲ್ಲಿ ಮೂಲನಿವಾಸಿ ಯುವಕರು ಒಂದು ಬಿಸಿಲು ಕೊಡೆ ನೆಟ್ಟು, ಇದು ನಮ್ಮ ರಾಯಭಾರ ಕಚೇರಿ ಅಂತ ಕೂತರು. ಸ್ವಂತ ನೆಲದಲ್ಲೇ ಪರದೇಶಿಗಳಾಗಿದ್ದೇವೆ ಅನ್ನುವುದು ಅವರ ಮಾತು. ಅವರು ಹೊರಗೆ ಹುಲ್ಲಿನ ಮೇಲೆ, ಬಾನರ್ ಒಳಗೆ ಸೆನೆಟ್‌ನ ಕುರ್ಚಿಯಲ್ಲಿ. ಬಿಸಿರಕ್ತದ ಹುಡುಗರು ಅವರನ್ನು ಬಿಳಿಯರ ಬಾಲಬಡುಕ, ಪಕ್ಷದ ತೋರಿಕೆಯ ಬೊಂಬೆ ಅಂತ ಹಳಿದರು. ಪಕ್ಷಕ್ಕೆ ಇವರ ಮುಖ ಬೇಕಿತ್ತು ಅನ್ನುವುದು ಸುಳ್ಳಲ್ಲ. ಆದರೆ ಸಿಕ್ಕ ಕುರ್ಚಿಯನ್ನು ಬಾನರ್ ಹೇಗೆ ಬಳಸಿದರು ಅನ್ನುವುದನ್ನೂ ನೋಡಬೇಕಲ್ಲ.

ಅಲ್ಲಿನ ಸಂಸತ್ತಿನಲ್ಲಿ ಮತ ಎಣಿಸುವಾಗ ಸದಸ್ಯರು ಎದ್ದು ನಡೆಯಬೇಕು. ಹೌದು ಅನ್ನುವವರು ಸಭಾಧ್ಯಕ್ಷರ ಬಲಕ್ಕೆ, ಇಲ್ಲ ಅನ್ನುವವರು ಎಡಕ್ಕೆ. ಸ್ವಂತ ಪಕ್ಷವನ್ನು ವಿರೋಧಿಸಬೇಕಾದರೆ ಎಲ್ಲರ ಕಣ್ಣೆದುರು ನಡುವಿನ ಜಾಗ ದಾಟಿ, ಎದುರಾಳಿಗಳ ಪಕ್ಕ ಹೋಗಿ ಕೂರಬೇಕು. ನಮ್ಮಲ್ಲಾದರೆ 1985ರಿಂದ ಪಕ್ಷಾಂತರ ಕಾಯ್ದೆ ಇದೆ, ವಿಪ್ ಮೀರಿದರೆ ಸೀಟೇ ಹೋಗಬಹುದು. ಅಲ್ಲಿ ಸೀಟು ಹೋಗುವುದಿಲ್ಲ, ಪಕ್ಷದವರ ಮುನಿಸು ಮಾತ್ರ ಗಟ್ಟಿಯಾಗಿ ಉಳಿಯುತ್ತೆ. ಬಾನರ್ ಹಾಗೆ ಒಂದೆರಡಲ್ಲ, ಎಷ್ಟೋ ಸಲ ದಾಟಿದರು. 1975ರ ಕೊನೆಯಿಂದ ಅವರದೇ ಪಕ್ಷದ ಮಾಲ್ಕಮ್ ಫ್ರೇಸರ್ ಪ್ರಧಾನಿಯಾಗಿದ್ದರು, ಆಗಲೂ ಬಿಡಲಿಲ್ಲ.

ಅವರ ದೊಡ್ಡ ಕೆಲಸ ನನ್ನ ಲೆಕ್ಕದಲ್ಲಿ ಒಂದು ನಿರ್ಣಯ. 1975ರ ಫೆಬ್ರವರಿ 20ರಂದು ಸೆನೆಟ್ ಅದನ್ನು ಒಪ್ಪಿತು. 1788ರಲ್ಲಿ ಬ್ರಿಟಿಷರ ಹಡಗುಗಳು ಬಾಟನಿ ಬೇ ಅನ್ನುವ ಕೊಲ್ಲಿಗೆ ಬಂದು ನಿಲ್ಲುವ ಮೊದಲೇ ಈ ದೇಶವೆಲ್ಲ ಮೂಲನಿವಾಸಿಗಳ ವಶದಲ್ಲಿತ್ತು. ಸರ್ಕಾರ ಅದನ್ನು ಒಪ್ಪಿಕೊಳ್ಳಬೇಕು, ಕಳಕೊಂಡ ನೆಲಕ್ಕೆ ಪರಿಹಾರ ಕೊಡುವ ಕಾನೂನು ತರಬೇಕು. ಇಷ್ಟೇ ಅದರ ಸಾರ. ಆಗಿನ ಕೋರ್ಟುಗಳ ಪ್ರಕಾರ ಬ್ರಿಟಿಷರು ಬಂದಾಗ ಆ ನೆಲಕ್ಕೆ ಯಾರೂ ಯಜಮಾನರೇ ಇರಲಿಲ್ಲ! ಆ ಮಾತನ್ನು ಅಲ್ಲಿನ ಹೈಕೋರ್ಟು, ಅಂದರೆ ಅವರ ಅತಿ ದೊಡ್ಡ ನ್ಯಾಯಾಲಯ, ಮಾಬೋ ಮೊಕದ್ದಮೆಯಲ್ಲಿ ತೆಗೆದುಹಾಕಿದ್ದು 1992ರಲ್ಲಿ. ಬಾನರ್ ನಿರ್ಣಯವಾಗಿ 17 ವರ್ಷದ ಮೇಲೆ. ನಿರ್ಣಯದಲ್ಲಿ ಕೇಳಿದ್ದ ಪರಿಹಾರದ ಕಾನೂನು ಆಗ ಬರಲಿಲ್ಲ, ಅದು ಬೇರೆ ಮಾತು.

1978ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಔರುಕುನ್ ಮತ್ತು ಮಾರ್ನಿಂಗ್ಟನ್ ದ್ವೀಪದ ಮೂಲನಿವಾಸಿ ನೆಲೆಗಳ ಆಡಳಿತವನ್ನು ಚರ್ಚಿನಿಂದ ತನ್ನ ಕೈಗೆ ತೆಗೆದುಕೊಳ್ಳಲು ಹೊರಟಿತು. ಮುಖ್ಯಮಂತ್ರಿ ಜೋ ಬೆಲ್ಕೆ ಪೀಟರ್ಸನ್. ಬಾನರ್ ಪಕ್ಷದ ಮಿತ್ರಪಕ್ಷದವರು. ಆದರೂ ಆ ಸರ್ಕಾರ ಮೂಲನಿವಾಸಿಗಳನ್ನು ನಡೆಸಿಕೊಳ್ಳುವ ರೀತಿಯನ್ನು ಬಾನರ್ ಬಾಯಿ ಬಿಟ್ಟೇ ಟೀಕಿಸುತ್ತಿದ್ದರು. ಹೊರಗೆ ಗೌರವ ಬೇಕಾದಷ್ಟು ಸಿಕ್ಕಿತು. 1979ರಲ್ಲಿ ವರ್ಷದ ಆಸ್ಟ್ರೇಲಿಯನ್ ಅನ್ನುವ ಬಿರುದು ಕೊಟ್ಟರು. ಮಂತ್ರಿ ಸ್ಥಾನ ಮಾತ್ರ ಕೊನೆಯವರೆಗೂ ಕೊಡಲಿಲ್ಲ.

ಲೆಕ್ಕ ಚುಕ್ತಾ ಆದದ್ದು 1983ರಲ್ಲಿ. ಸೆನೆಟ್ ಚುನಾವಣೆಯಲ್ಲಿ ಪಕ್ಷ ತನ್ನ ಹುರಿಯಾಳುಗಳನ್ನು ಸಾಲಾಗಿ ಒಂದು, ಎರಡು, ಮೂರು ಅಂತ ನಿಲ್ಲಿಸುತ್ತದೆ. ಮೇಲಿದ್ದವರಿಗೆ ಮೊದಲು ಮತ ತುಂಬುತ್ತದೆ, ಮಿಕ್ಕಿದ್ದು ಕೆಳಗಿನವರಿಗೆ ಹರಿಯುತ್ತದೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಲಿಬರಲ್ಲರಿಗೆ ಎರಡಕ್ಕಿಂತ ಹೆಚ್ಚು ಸೀಟು ಬರುವ ಭರವಸೆ ಇರಲಿಲ್ಲ. 11 ವರ್ಷ ದುಡಿದ ಬಾನರ್‌ಗೆ ಕೊಟ್ಟದ್ದು ಮೂರನೇ ಸ್ಥಾನ. ಟಿಕೆಟ್ ಇಲ್ಲ ಅಂತ ನೇರವಾಗಿ ಹೇಳಿದ್ದರೆ ವಾಸಿ ಇತ್ತೇನೋ. ಬಾನರ್ ಪಕ್ಷ ಬಿಟ್ಟರು, ಪಕ್ಷೇತರರಾಗಿ ನಿಂತರು. ಆಗೆಲ್ಲ ಸೆನೆಟ್ ಮತಪತ್ರದಲ್ಲಿರುವ ಪ್ರತಿಯೊಂದು ಹೆಸರಿನ ಮುಂದೆಯೂ ಮತದಾರ ಸಂಖ್ಯೆ ಬರೆಯಬೇಕಿತ್ತು. ಒಂದು ತಪ್ಪಿದರೆ ಓಟು ಹಾಳು. ಜನ ಪಕ್ಷದವರು ಕೊಟ್ಟ ಚೀಟಿ ನೋಡಿ ಬರೆದು ಬರುತ್ತಿದ್ದರು. ಹಾಗಿರುವಾಗ ಒಂಟಿ ಮನುಷ್ಯ ಏನು ಮಾಡಿಯಾನು? ಆದರೂ ಗೆಲುವಿನ ಹತ್ತಿರ ಹೋಗಿಯೇ ಸೋತರು.

ಗೆದ್ದು ಬಂದ ಲೇಬರ್ ಸರ್ಕಾರ ಅವರನ್ನು ಎಬಿಸಿಯ ಮಂಡಳಿಗೆ ನೇಮಿಸಿತು. ಎಬಿಸಿ ಅಂದರೆ ಅಲ್ಲಿನ ಆಕಾಶವಾಣಿ, ದೂರದರ್ಶನ ಎರಡೂ ಸೇರಿದ ಸಂಸ್ಥೆ. ಯಾವ ಪಕ್ಷದವರು ಗದರಿದರು ಅಂತ ರಾಜಕೀಯಕ್ಕೆ ಇಳಿದರೋ, ಅದೇ ಪಕ್ಷ!

ಅವರ ಕಂಠ ದೇಶಕ್ಕೆಲ್ಲ ಮತ್ತೆ ಕೇಳಿಸಿದ್ದು 1998ರ ಫೆಬ್ರವರಿಯಲ್ಲಿ. ಬ್ರಿಟನ್ ರಾಣಿಯನ್ನು ಬಿಟ್ಟು ಗಣರಾಜ್ಯವಾಗಬೇಕೇ ಅಂತ ಚರ್ಚಿಸಲು ಕ್ಯಾನ್‌ಬೆರಾದ ಹಳೆಯ ಸಂಸತ್ ಭವನದಲ್ಲಿ ಸಭೆ ಸೇರಿತ್ತು. ಬಾನರ್ ರಾಣಿಯ ಪರ. ಆಶ್ಚರ್ಯ ಅನಿಸುತ್ತೆ. ಅವರ ವಾದ ಹೀಗಿತ್ತು. ನೀವು ಬಂದಿರಿ, ನಮ್ಮ ನೆಲ ತೆಗೆದುಕೊಂಡಿರಿ, ನಿಮ್ಮ ಕಾನೂನು ಹೇರಿದಿರಿ. ಬಹಳ ಕಷ್ಟಪಟ್ಟು ನಾವು ಅದನ್ನು ಒಪ್ಪಿಕೊಂಡೆವು. ಈಗ ಅದು ಸರಿಯಿಲ್ಲ, ಇನ್ನೊಂದು ತರುತ್ತೇವೆ ಅನ್ನುತ್ತೀರಿ, ಎಷ್ಟು ಧೈರ್ಯ ನಿಮಗೆ? ಆಮೇಲೆ ತಮ್ಮ ಜಗೇರಾ ಜನರ ಒಂದು ಶೋಕದ ಹಾಡನ್ನು ಅಲ್ಲೇ ಹಾಡಿದರು. ಅವರ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಆ ಪ್ರಶ್ನೆಗೆ ಗಣರಾಜ್ಯದವರ ಹತ್ತಿರ ನೆಟ್ಟಗಿನ ಉತ್ತರ ಇತ್ತು ಅಂತಲೂ ಅನಿಸುವುದಿಲ್ಲ.

ಮರುವರ್ಷ ಫೆಬ್ರವರಿ 5ರಂದು ಇಪ್ಸ್‌ವಿಚ್‌ನಲ್ಲಿ ತೀರಿಕೊಂಡರು. ಅದೇ 1999ರಲ್ಲಿ ಮತ್ತೊಬ್ಬ ಮೂಲನಿವಾಸಿ, ಏಡನ್ ರಿಜ್ವೇ, ಸೆನೆಟ್‌ಗೆ ಬಂದರು. ಕೆಳಮನೆಗೆ ಮೂಲನಿವಾಸಿ ಸದಸ್ಯರಾಗಿ ಕೆನ್ ವಯಟ್ ಗೆದ್ದದ್ದು 2010ರಲ್ಲಿ. ಅವರೂ ಗೆದ್ದದ್ದು ಲಿಬರಲ್ ಪಕ್ಷದಿಂದಲೇ, ಮುಂದೆ ಮಂತ್ರಿಯೂ ಆದರು.

ಇನ್ನು ಬ್ರಿಸ್ಬೇನ್ ನಗರದಲ್ಲಿ 2004ರ ಚುನಾವಣೆಗೆ ಒಂದು ಹೊಸ ಕ್ಷೇತ್ರ ಮಾಡಿದರು. ಅದಕ್ಕೆ ಬಾನರ್ ಅಂತಲೇ ಹೆಸರಿಟ್ಟರು. ಆ ಸಲ ಅಲ್ಲಿ ಗೆದ್ದದ್ದು ಲಿಬರಲ್ ಪಕ್ಷ.

ನಮಸ್ಕಾರ.