ಧೋತರದ ಮೇಲಿನ ಬೆಳಕು

ಕೇಳುಗರಿಗೆಲ್ಲ ನಮಸ್ಕಾರ. ಚಿತ್ರ ಕಲಿಯುವ ಮಕ್ಕಳು, ಮನೆಗೆಲಸ ಮುಗಿಸಿ ಬಣ್ಣದ ಡಬ್ಬಿ ತೆಗೆಯುವ ಅಕ್ಕಂದಿರು ಕೇಳುತ್ತಿದ್ದೀರಿ ಅಂದುಕೊಂಡು ಒಂದೇ ಮಾತು ಹೇಳುತ್ತೇನೆ. ಬಟ್ಟೆ ಬರೆಯುವಾಗ ನೆರಿಗೆಗೆ ಗೆರೆ ಎಳೆಯಬೇಡಿ. ಅಲ್ಲಿ ಗೆರೆ ಇಲ್ಲ. ಬೆಳಕು ಇದೆ, ನೆರಳು ಇದೆ, ಅಷ್ಟೇ.

ಇಲ್ಲೇ ಕಲಬುರಗಿಯ ಬೇಸಿಗೆ ಶಿಬಿರವೊಂದರಲ್ಲಿ ಹುಡುಗಿಯೊಬ್ಬಳು ತನ್ನ ಆಯಿಯನ್ನು ಕೂಡಿಸಿ ಚಿತ್ರ ತೆಗೆದಳು. ಆಯಿ ಉಟ್ಟದ್ದು ಇಳಕಲ್ ಸೀರೆ. ಮುಖ ಚಂದ ಬಂದಿತ್ತು. ಸೀರೆಗೆ ಮಾತ್ರ ಸಪಾಟಾಗಿ ಬಣ್ಣ ಬಳಿದು, ಮೇಲೆ ಕಪ್ಪು ಗೆರೆ ಎಳೆದು, ದಡಿಯನ್ನು ಅಳತೆಪಟ್ಟಿ ಇಟ್ಟು ನೆಟ್ಟಗೆ ಗೀಚಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಆಯಿ ಅಂದರು: "ಇದು ನಾ ಉಟ್ಟ ಸೀರಿ ಅಲ್ಲವ್ವಾ, ಗ್ವಾಡಿ ಮ್ಯಾಲ ಒಣಾ ಹಾಕಿದ ಸೀರಿ!"

ಮರುದಿನ ಬಿಳಿ ಧೋತರ ಒಯ್ದು ಎರಡು ಮೊಳೆಗೆ ಜೋತುಬಿಟ್ಟೆ. ಒಂದು ಕಿಟಕಿ ಬಿಟ್ಟು ಉಳಿದವನ್ನು ಮುಚ್ಚಿಸಿದೆ. ಕಣ್ಣು ಅರೆಮುಚ್ಚಿ ನೋಡು, ಏನು ಕಾಣ್ತದ ಅಂದೆ. "ಬಿಳಿ ಬಟ್ಟಿ ಕಾಣ್ತದ್ರಿ ಸರ್." ಇನ್ನೊಮ್ಮೆ ನೋಡು ಅಂದೆ. ಬಹಳ ಹೊತ್ತಿನ ಮೇಲೆ ಹುಡುಗಿ ಅಂದಳು, "ಬಿಳಿ ಭಾಳ ಇಲ್ಲರಿ ಸರ್. ಬೂದಿ ಬಣ್ಣ ಅದ, ಒಳಗ ನೀಲಿ ಅದ." ನಾನು ಕುಣಿಯುವುದೊಂದೇ ಬಾಕಿ! ಮೊಳೆಯಿಂದ ಹೊರಟ ಮಡಿಕೆ ಕೆಳಗೆ ಜೋತು, ಆ ಕಡೆಯಿಂದ ಬಂದ ಮಡಿಕೆಗೆ ಸಿಕ್ಕು ಮುರಿಯುತ್ತದೆ. ಕಿಟಕಿಗೆ ಮುಖ ಮಾಡಿದ ಮೈ ಬೆಳ್ಳಗೆ, ತಿರುಗಿದ ಮೈ ಮಂಕು. ಆಳದಲ್ಲೂ ಪಕ್ಕದ ಮಡಿಕೆ ಎರಚಿದ ಬೆಳಕು ಇರುತ್ತದೆ. ಅಲ್ಲಿ ಕಪ್ಪು ಮೆತ್ತಬೇಡಿ. ಆಮೇಲೆ ಸೀರೆಗೆ ಕುಂಚ ಇಟ್ಟಾಗ ಗೆರೆ ಒಂದೂ ಇರಲಿಲ್ಲ. ದಡಿ ನೆರಿಗೆಯೊಳಗೆ ಮುಳುಗಿ, ಆಚೆ ಮಗ್ಗುಲಲ್ಲಿ ಎದ್ದಿತ್ತು.

ಅಯ್ಯೋ, ವೇಳೆ ಆಗುತ್ತಾ ಬಂತು. ಉತ್ತರದ ಕಿಟಕಿಯ ಬೆಳಕೇ ಒಳ್ಳೆಯದು ಅನ್ನುವುದು ಯುರೋಪಿನ ಮಾತು; ಅಲ್ಲಿ ಆ ಕಿಟಕಿಗೆ ನೇರ ಬಿಸಿಲು ಹೆಚ್ಚಾಗಿ ಬೀಳುವುದಿಲ್ಲ. ನಮ್ಮಲ್ಲಿ ಜೂನ್ ಮಧ್ಯಾಹ್ನ ಸೂರ್ಯನೇ ಉತ್ತರಕ್ಕೆ ವಾಲಿರುತ್ತಾನೆ. ಆಗ ಕಿಟಕಿ ಮುಚ್ಚಿ ಮೇಜಿನ ದೀಪ ಹಚ್ಚಿ. ಒಂದೇ ದೀಪ! 15ನೇ ಶತಮಾನದಲ್ಲಿ ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿ ಮಣ್ಣಿನ ಗೊಂಬೆಗೆ ಹಸಿಮಣ್ಣಿನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಮಡಿಕೆ ಅಲುಗದಂತೆ ಮಾಡಿ, ಕಪ್ಪು ಬಿಳುಪಿನಲ್ಲೇ ಬರೆಯುತ್ತಿದ್ದ ಎಂದು ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ದಾಖಲಿಸಿದ್ದಾನೆ. ನೀವು ಫ್ಯಾನ್ ಆರಿಸಿದರೆ ಸಾಕು. ನಮ್ಮೂರಿನವರೇ ಆದ ಚಿತ್ರಕಾರ ಎಸ್.ಎಂ. ಪಂಡಿತರ ಪೌರಾಣಿಕ ಚಿತ್ರ ಸಿಕ್ಕರೆ ಮುಖ ಬಿಟ್ಟು ಸೆರಗು ನೋಡಿ. ಇನ್ನು ಮೊಬೈಲ್ ಫೋಟೊ ನೋಡಿ ಬರೆಯುವವರೇ, ದಯವಿಟ್ಟು ಬೇಡ; ಅದು ನೆರಳನ್ನು ತಾನೇ ತಿಳಿ ಮಾಡಿಬಿಡುತ್ತದೆ. ರೇಷ್ಮೆ, ಮಖಮಲ್ಲು ಆಮೇಲೆ. ಮೊದಲು ಧೋತರ, ಮತ್ತೆ ಗೆರೆ ಬೇಡ. ನಮಸ್ಕಾರ.