ಗುಡ್ಡವಿಲ್ಲದ ಊರಿನ ಗುಡ್ಡಗಳು

ಕೇಳುಗರಿಗೆ ನಮಸ್ಕಾರ.

ಜರ್ಮನಿಯ ಪಶ್ಚಿಮ ಭಾಗದಲ್ಲಿ, ರೈನ್ ನದಿಯಿಂದ ಸ್ವಲ್ಪವೇ ಪೂರ್ವಕ್ಕೆ ಬೊಟ್ರೊಪ್ ಎಂಬ ಊರಿದೆ. ಒಂದು ಲಕ್ಷಕ್ಕಿಂತ ತುಸು ಹೆಚ್ಚು ಜನ. ಅಲ್ಲಿನ ನೆಲ ಬಹುಮಟ್ಟಿಗೆ ಸಪಾಟು. ಆದರೂ ಊರಿನಲ್ಲಿ ಗುಡ್ಡಗಳಿವೆ. ಒಂದರ ನೆತ್ತಿಯ ಮೇಲೆ ಉಕ್ಕಿನ ಕೊಳವೆಗಳನ್ನು ಜೋಡಿಸಿ ಕಟ್ಟಿದ ಪಿರಮಿಡ್ಡಿನಂಥ ಗೋಪುರ ನಿಂತಿದೆ. 1995ರಲ್ಲಿ ಕಟ್ಟಿದ್ದು, ಅದರ ಒಂದೊಂದು ಅಂಚೂ 60 ಮೀಟರ್ ಉದ್ದ. ಮೆಟ್ಟಿಲುಗಳು ಜಾಲರಿಯವು. ಕಾಲಡಿ ನೋಡಿದರೆ ಕೆಳಗಿನ ನೆಲ ಕಾಣುತ್ತದೆ, ಜೋರಾಗಿ ಗಾಳಿ ಬಂದರೆ ಸಣ್ಣಗೆ ತೊನೆಯುತ್ತದೆ. ಅರ್ಧ ಹತ್ತಿ, ಕಂಬಿ ಬಿಗಿಹಿಡಿದು ಇಳಿದು ಬರುವವರೂ ಇದ್ದಾರೆ. ಅವರನ್ನು ನೋಡಿ ನಗುವ ಧೈರ್ಯ ನನಗಿಲ್ಲ.

ಈ ಗುಡ್ಡಗಳು ದೇವರು ಮಾಡಿದವಲ್ಲ. ಕಲ್ಲಿದ್ದಲಿನ ಜೊತೆ ಭೂಮಿಯೊಳಗಿಂದ ಬಂದ ಬೇಡದ ಕಲ್ಲನ್ನು ದಶಕಗಳ ಕಾಲ ಸುರಿದು ಸುರಿದು ಆದ ರಾಶಿಗಳು.

ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಜೌಗು ಕಾಡಿತ್ತು. ಆ ಕಾಡೇ ಹೂತು, ಒತ್ತಿ, ಕಲ್ಲಿದ್ದಲಾಯಿತು. ರೂರ್ ಎಂಬ ನದಿಯ ದಂಡೆಯಲ್ಲಿ, ಅಂದರೆ ದಕ್ಷಿಣದಲ್ಲಿ, ಇದ್ದಲಿನ ಪದರ ನೆಲದ ಮೇಲೇ ಇಣುಕುತ್ತದೆ. ಹಿಂದೆ ರೈತರು ಗುದ್ದಲಿಯಲ್ಲೇ ಅಗೆದುಕೊಳ್ಳುತ್ತಿದ್ದರು. ಉತ್ತರಕ್ಕೆ ಹೋದಂತೆಲ್ಲ ಪದರ ಓರೆಯಾಗಿ ಕೆಳಗಿಳಿಯುತ್ತದೆ, ಮೇಲೆ ನೀರು ಹಿಡಿದ ಸುಣ್ಣಮಣ್ಣಿನ ದಪ್ಪ ಹೊದಿಕೆ. ಅದನ್ನು ಕೊರೆಯಹೋದರೆ ಬಾವಿಗೆ ನೀರು ನುಗ್ಗುತ್ತಿತ್ತು. 1834ರಲ್ಲಿ ಫ್ರಾನ್ಸ್ ಹಾನಿಯೆಲ್ ಎಂಬ ಉದ್ಯಮಿ ಎಸ್ಸೆನ್ ಬಳಿ ಆ ಹೊದಿಕೆಯನ್ನು ಭೇದಿಸಿದ. ಅಲ್ಲಿಂದ ಗಣಿಗಳು ಉತ್ತರಕ್ಕೆ ನಡೆಯುತ್ತಾ ಬಂದವು. 1856ರಲ್ಲಿ ಬೊಟ್ರೊಪ್ ಸರದಿ. ಮೊದಲ ಗಣಿಗೆ ಅರೆನ್‌ಬರ್ಗಿನ ಡ್ಯೂಕ್ ಪ್ರೊಸ್ಪರನ ಹೆಸರಿಟ್ಟರು.

ಆಗ ಅದು ಹೊಲ, ಪೊದೆ, ಜೌಗುಗಳ ಹಳ್ಳಿ. ಗಣಿಗೆ ಇಳಿಯಲು ಅಷ್ಟು ಆಳು ಎಲ್ಲಿಂದ ತರುವುದು? ಅಂದು ಜರ್ಮನಿಯ ಪೂರ್ವದ ಅಂಚಿನಲ್ಲಿದ್ದ ಮೇಲಣ ಸೈಲೀಸಿಯದಿಂದ ಪೋಲಿಷ್ ಮಾತಾಡುವ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಬಂದವು. ಬೊಟ್ರೊಪ್‌ನಲ್ಲಿ ಪೋಲಿಷ್ ಅಡ್ಡಹೆಸರು ಇಂದಿಗೂ ಮಾಮೂಲು. ಎರಡನೇ ಮಹಾಯುದ್ಧದ ನಂತರ, ಕೆಲಸಗಾರರನ್ನು ಕರೆಸಿಕೊಳ್ಳುವ 1961ರ ಒಪ್ಪಂದದ ಬೆನ್ನಿಗೆ, ತುರ್ಕಿಯಿಂದಲೂ ಬಂದರು. ಮೊದಲ ವಲಸೆಯ ದಿನಗಳಲ್ಲಿ, ಹತ್ತಾರು ಸಾವಿರ ಜನ ತುಂಬಿದ ಮೇಲೂ ಬಹುಕಾಲ ಅದು ಕಾಗದದಲ್ಲಿ ಹಳ್ಳಿಯೇ. ನಗರದ ಪಟ್ಟ ಸಿಕ್ಕಿದ್ದು 1919ರಲ್ಲಿ. ಕಂಪನಿ ಕಟ್ಟಿಸಿಕೊಟ್ಟ ಮನೆಗಳ ಹಿಂದೆ ತರಕಾರಿ ಮಡಿ, ಒಂದು ಆಡು, ಮೇಲೊಂದು ಪಾರಿವಾಳದ ಗೂಡು. ಆಡಿಗೆ ‘ಗಣಿಯವನ ಹಸು’ ಎಂದೇ ಹೆಸರು. ದಿನವಿಡೀ ಕತ್ತಲಲ್ಲಿ ಬಗ್ಗಿ ದುಡಿದವನು ಭಾನುವಾರ ಅಂಗಳದಲ್ಲಿ ಕುಂತು, ಪಂದ್ಯಕ್ಕೆ ಬಿಟ್ಟ ಪಾರಿವಾಳ ಬಂತೇ ಎಂದು ಆಕಾಶ ನೋಡುತ್ತಿದ್ದ.

ಗಣಿಯ ಸ್ನಾನದ ಮನೆಯ ಬಗ್ಗೆ ಹೇಳಲೇಬೇಕು. ಎತ್ತರದ ಸೂರಿನ ದೊಡ್ಡ ಹಜಾರ. ಗೋಡೆಯಲ್ಲಿ ಕಪಾಟುಗಳಿಲ್ಲ, ಸೂರಿನಿಂದ ನೂರಾರು ಸರಪಳಿಗಳು ಇಳಿಬಿದ್ದಿವೆ. ಕೆಲಸಗಾರ ತನ್ನ ಸರಪಳಿಯ ಬೀಗ ತೆಗೆದು ಕೊಕ್ಕೆಯನ್ನು ಕೆಳಗಿಳಿಸಿ, ಬಟ್ಟೆ ಸಿಕ್ಕಿಸಿ, ಮತ್ತೆ ಮೇಲಕ್ಕೆ ಎಳೆದು ಬೀಗ ಹಾಕುತ್ತಾನೆ. ಒದ್ದೆ ಬಟ್ಟೆ ಮೇಲಿನ ಬಿಸಿಗಾಳಿಗೆ ಒಣಗುತ್ತದೆ. ತಲೆಯೆತ್ತಿದರೆ ಅಂಗಿ, ಷರಾಯಿ, ಬೂಟುಗಳ ದಂಡು. ಒಳಗಿನ ಮನುಷ್ಯರು ಮಾತ್ರ ಸಾವಿರ ಮೀಟರ್ ಕೆಳಗೆ. ಒಂದು ಕಡೆ ಶುಭ್ರ ಬಟ್ಟೆಯ ಕೋಣೆ, ಇನ್ನೊಂದು ಕಡೆ ಮಸಿ ಬಟ್ಟೆಯದು, ನಡುವೆ ಸ್ನಾನ. ಬೆನ್ನಿನ ಮಸಿ ತನಗೆ ತಾನೇ ಹೋಗದು, ಹಾಗಾಗಿ ಒಬ್ಬರ ಬೆನ್ನು ಇನ್ನೊಬ್ಬರು ಉಜ್ಜುತ್ತಿದ್ದರು. ಪೋಲಿಷ್ ಬೆನ್ನು, ತುರ್ಕಿ ಬೆನ್ನು ಎಂದೇನಿಲ್ಲ. ಎದುರಾದಾಗ ಹೇಳುವ ಮಾತು ‘ಗ್ಲ್ಯುಕ್ ಔಫ್’. ನೆಟ್ಟಗೆ ಮೇಲೆ ಬಾ ಎಂಬ ಹಾರೈಕೆ ಅದರಲ್ಲಿದೆ.

ಒಳಗಿಂದ ಅಷ್ಟು ತೆಗೆದರೆ ಮೇಲಿನ ನೆಲ ಸುಮ್ಮನಿರುತ್ತದೆಯೇ? ಕುಸಿಯಿತು. ರೂರ್ ಸೀಮೆಯಲ್ಲಿ ಕೆಲವೆಡೆ 20 ಮೀಟರಿಗೂ ಹೆಚ್ಚು. ಗೋಡೆಗಳು ಬಿರುಕು ಬಿಟ್ಟವು. ಬೊಟ್ರೊಪ್‌ನ ದಕ್ಷಿಣದಲ್ಲಿ ಹರಿಯುವ ಎಮ್ಷರ್ ಎಂಬ ಚಿಕ್ಕ ನದಿಗಂತೂ ಯಾವ ಕಡೆ ಇಳಿಯಬೇಕೆಂದೇ ತಿಳಿಯದಂತಾಯಿತು; ರೈನ್ ಸೇರುವ ಅದರ ಸಂಗಮವನ್ನು ಎರಡು ಸಲ ಉತ್ತರಕ್ಕೆ ಸರಿಸಬೇಕಾಯಿತು. ಊರ ಕೊಳಚೆಯನ್ನು ನೆಲದಡಿಯ ಕೊಳವೆಯಲ್ಲಿ ಬಿಡೋಣವೆಂದರೆ ಕುಸಿಯುವ ನೆಲದಲ್ಲಿ ಕೊಳವೆ ಮುರಿಯುತ್ತದೆ. ಕಡೆಗೆ ನದಿಗೇ ಕಾಂಕ್ರೀಟಿನ ಹಾಸು ಹಾಕಿ ಅದನ್ನೇ ಚರಂಡಿ ಮಾಡಿಬಿಟ್ಟರು. ಸುಮಾರು ನೂರು ವರ್ಷ ಲಕ್ಷಾಂತರ ಮನೆಗಳ ಹೊಲಸು ಹಗಲಲ್ಲೇ ಬಯಲಲ್ಲೇ ಹರಿಯಿತು. ಇದನ್ನು ಮಾಡಿದವರು ಶಿಸ್ತಿಗೆ ಹೆಸರಾದ ಜರ್ಮನ್ನರೇ ಎಂಬುದು ನೆನಪಿರಲಿ. ಗಣಿಗಳು ಉತ್ತರಕ್ಕೆ ಸರಿದು ನೆಲ ನಿಂತ ಮೇಲೆ, 1992ರಿಂದ, ಕೊಳಚೆಗೆ ನೆಲದಡಿ ಬೇರೆ ದಾರಿ ಮಾಡಿದರು. ಐನೂರು ಕೋಟಿ ಯೂರೋಗೂ ಹೆಚ್ಚು ಖರ್ಚು. 2021ರ ಕೊನೆಯಿಂದ ಎಮ್ಷರ್‌ನಲ್ಲಿ ಕೊಳಚೆ ಹರಿಯುತ್ತಿಲ್ಲ.

ಇದ್ದಲಿನ ಕಥೆ 1958ರ ಹೊತ್ತಿಗೇ ಕುಂಟತೊಡಗಿತ್ತು. ಪೆಟ್ರೋಲಿಯಂ ಅಗ್ಗ, ಹೊರದೇಶದ ಇದ್ದಲು ಇನ್ನೂ ಅಗ್ಗ. ಸಾವಿರ ಮೀಟರ್ ಆಳದಿಂದ ತೆಗೆದದ್ದು ಅದಕ್ಕೆ ಸರಿಸಾಟಿಯಾಗುವುದಾದರೂ ಹೇಗೆ? ಸರ್ಕಾರ ಹಣ ಸುರಿದು ದಶಕಗಳ ಕಾಲ ಉಸಿರು ಹಿಡಿಸಿತು. 1974ರಲ್ಲಿ ಪ್ರೊಸ್ಪರ್ ಮತ್ತು ಹಾನಿಯೆಲ್ ಗಣಿಗಳು ಒಂದಾದವು. 1987ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಆ ಗಣಿಗೆ ಬಂದರು, ಅವರೂ ಪೋಲೆಂಡಿನವರೇ. ಅಜ್ಜಂದಿರ ಭಾಷೆಯವರು ಬಂದಾಗ ಬೊಟ್ರೊಪ್ ಜನಕ್ಕೆ ಏನನ್ನಿಸಿತೋ ಊಹಿಸಿಕೊಳ್ಳಿ. 2018ರ ಡಿಸೆಂಬರ್ 21ರಂದು ಪ್ರೊಸ್ಪರ್-ಹಾನಿಯೆಲ್‌ನಿಂದ ಕೊನೆಯ ಇದ್ದಲುಗಟ್ಟಿ ಮೇಲೆ ಬಂತು. ಅದನ್ನು ಜರ್ಮನಿಯ ಅಧ್ಯಕ್ಷ ಷ್ಟೈನ್‌ಮಾಯರ್ ಕೈಗಿತ್ತರು. ದೇಶದಲ್ಲಿ ಗಟ್ಟಿ ಕಲ್ಲಿದ್ದಲು ಅಗೆಯುವ ಕೆಲಸ ಅಲ್ಲಿಗೆ ನಿಂತಿತು.

ಕಲ್ಲಿನ ರಾಶಿಗಳು ಈಗ ಹಸಿರು. ಒಂದರ ಇಳಿಜಾರಿಗೆ ಸೂರು ಹೊದಿಸಿ, ಬೇಸಿಗೆಯಲ್ಲೂ ಹಿಮದಲ್ಲಿ ಜಾರುವ ಹಜಾರ ಮಾಡಿದರು. ಹಾನಿಯೆಲ್ ರಾಶಿಯ ಮೇಲೆ ಒಂದು ಬಯಲು ರಂಗಮಂದಿರ. ರೈಲು ಹಳಿಯ ಹಳೇ ಮರದ ದಿಮ್ಮಿಗಳಿಗೆ ಬಣ್ಣ ಬಳಿದು ಸಾಲಾಗಿ ನೆಟ್ಟವನು ಬಾಸ್ಕ್ ಕಲಾವಿದ ಅಗುಸ್ತಿನ್ ಇಬರೋಲ. ಶುಭ ಶುಕ್ರವಾರ ಜನ ಶಿಲುಬೆಯ ಹಾದಿ ಹಿಡಿದು ಆ ರಾಶಿಯನ್ನು ಏರುತ್ತಾರೆ. ಅಂದಹಾಗೆ, ಚೌಕದೊಳಗೆ ಚೌಕವಿಟ್ಟು ಬಣ್ಣಗಳ ಗುಟ್ಟು ಹುಡುಕಿದ ಚಿತ್ರಕಾರ ಯೋಸೆಫ್ ಆಲ್ಬರ್ಸ್ ಹುಟ್ಟಿದ್ದೂ ಈ ಮಸಿಯ ಊರಲ್ಲೇ, 1888ರಲ್ಲಿ.

ಆದರೆ ಗಣಿ ಮುಚ್ಚಿದ ದಿನ ಪಂಪುಗಳಿಗೆ ರಜೆ ಸಿಗಲಿಲ್ಲ. ಕುಸಿದ ನೆಲದಲ್ಲಿ ಮಳೆನೀರು ತಾನಾಗಿ ಹರಿದು ಹೋಗದು. ಎತ್ತಿ ಹಾಕದಿದ್ದರೆ ಎಮ್ಷರ್ ಬಯಲಿನ ಬಹುಭಾಗ ಕೆರೆಯಾದೀತು. ಗಣಿಯೊಳಗೆ ತುಂಬುವ ಉಪ್ಪುನೀರು ಕುಡಿಯುವ ನೀರಿನ ಪದರ ಮುಟ್ಟದಂತೆ ಅದನ್ನೂ ಎತ್ತುತ್ತಿರಬೇಕು. ವರ್ಷಕ್ಕೆ 20 ಕೋಟಿ ಯೂರೋಗೂ ಮಿಕ್ಕಿದ ಖರ್ಚು. ಇದಕ್ಕೆಂದೇ 2007ರಲ್ಲಿ ಒಂದು ಪ್ರತಿಷ್ಠಾನ ಮಾಡಿದರು. ಅದರ ದಾಖಲೆಗಳಲ್ಲಿ ಈ ಕೆಲಸಕ್ಕೆ ಇಟ್ಟಿರುವ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ‘ಎಂದೆಂದಿಗೂ ಮುಗಿಯದ ಕೆಲಸಗಳು’.

ನಮಸ್ಕಾರ.